ತೊಂಬತ್ತೊಂದು ಡಿಗ್ರಿಯ ಮಾತು

ಸರ್ವಮಂಗಳ ‘ಸಾಕು’ ಅಂದಿದ್ದಳು. ಆದರೆ ಆ ಮಾತು ಸ್ಪೀಕರಿನಿಂದ ಹೊರಬಿದ್ದದ್ದು ನಲವತ್ತು ಸೆಕೆಂಡು ತಡವಾಗಿ. ಅಷ್ಟರಲ್ಲಿ ಪಂಪಾಪತಿ ಇನ್ನೂ ಮೂರು ಚಮಚ ಗಂಜಿಯನ್ನು ಹೆಂಡತಿಯ ಬಾಯಿಗೆ ಹಾಕಿಬಿಟ್ಟಿದ್ದ. ಮೂರನೆಯದು ಅಡ್ಡದಾರಿ ಹಿಡಿದು ಶ್ವಾಸನಾಳಕ್ಕೆ ಇಳಿಯಿತು. ಕೆಮ್ಮುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ. ಮುಖ ಕಪ್ಪಿಟ್ಟಿತು. ಅವನು ಅವಳನ್ನು ಪಕ್ಕಕ್ಕೆ ಹೊರಳಿಸಿ, ಕಫ ಎಳೆಯುವ ಯಂತ್ರದ ನಳಿಗೆಯನ್ನು ಗಂಟಲಿಗೆ ಇಳಿಸಿ, ಬೆನ್ನು ತಟ್ಟುತ್ತಾ ಒದ್ದಾಡುತ್ತಿರುವಾಗ ತಲೆದೆಸೆಯ ಸ್ಪೀಕರು ಯಾವ ಅವಸರವೂ ಇಲ್ಲದೆ ಹೇಳಿತು: “ಸಾಕು.”

ಉಸಿರು ತಹಬಂದಿಗೆ ಬರಲು ಕಾಲು ಗಂಟೆ ಹಿಡಿಯಿತು. ಪಂಪಾಪತಿ ನೆಲದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಎದ್ದು ಹೋಗಿ ಬಟ್ಟಲು ತೊಳೆಯತೊಡಗಿದ. ಆಗ ಸ್ಪೀಕರು ಮತ್ತೆ ಮಾತಾಡಿತು.

“ಅಳಬ್ಯಾಡ್ರಿ. ಮೂಗು ಕೆಂಪಗಾಗಿ ಕೋತಿ ಕಂಡಂಗೆ ಕಾಣ್ತೀರಿ.”

ಅವನು ಅಳುವುದನ್ನು ನಿಲ್ಲಿಸಿ ಆಗಲೇ ಅರ್ಧ ನಿಮಿಷವಾಗಿತ್ತು.

ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಸರ್ವಮಂಗಳ ಇಪ್ಪತ್ತೆರಡು ವರ್ಷ ಮೇಲ್ವಿಚಾರಕಿಯಾಗಿದ್ದವಳು. ನಲವತ್ತು ಹೊಲಿಗೆ ಯಂತ್ರಗಳ ಗದ್ದಲವನ್ನು ದಾಟಿ ಅವಳ ದನಿ ಕೇಳುತ್ತಿತ್ತು. ದನಿಗಿಂತ ಹೆಚ್ಚಾಗಿ ಅವಳ ಎದುರುತ್ತರ ಹೆಸರುವಾಸಿ. ಮಾಲೀಕನಿಗೂ ಬಿಡುತ್ತಿರಲಿಲ್ಲ, ಗಂಡನಿಗೂ ಬಿಡುತ್ತಿರಲಿಲ್ಲ. ಒಂದು ದಿನ ಕೈಯಿಂದ ಕತ್ತರಿ ಜಾರಿ ಬಿತ್ತು. ಮರುವಾರ ಮತ್ತೆ ಬಿತ್ತು. ನರಗಳು ಒಂದೊಂದಾಗಿ ಬತ್ತಿಹೋಗುವ ಬೇನೆ ಎಂದು ವೈದ್ಯರು ಹೇಳಿದರು. ಕೈ ಹೋಯಿತು, ಕಾಲು ಹೋಯಿತು, ನಾಲಿಗೆ ಹೋಯಿತು. ಈ ಬೇನೆಯಲ್ಲಿ ಬಹಳ ಮಂದಿಗೆ ಕಣ್ಣಾದರೂ ಉಳಿಯುತ್ತದಂತೆ. ಅವಳಿಗೆ ರೆಪ್ಪೆ ಎತ್ತುವುದೂ ಆಗದಾಯಿತು, ಗಂಜಿ ನುಂಗುವಷ್ಟು ಮಾತ್ರ ಗಂಟಲು ಆಡುತ್ತಿತ್ತು.

ಉಳಿದದ್ದು ನುಡಿಪಟ್ಟಿ. ಕೊರಳಿಗೆ ಸುತ್ತಿದ ಒಂದು ಮೆತ್ತನೆಯ ಪಟ್ಟಿ ಅದು. ಮಾತಾಡಬೇಕೆಂದು ಮನಸ್ಸು ಮಾಡಿದಾಗ ಗಂಟಲಿನ ನರಗಳಿಗೆ ಇಳಿದುಬರುವ ಮಿಣುಕು ವಿದ್ಯುತ್ತನ್ನು ಅದು ಹಿಡಿಯುತ್ತಿತ್ತು. ಅದರಲ್ಲಿ ಯಾವ ಮಾತು ಅಡಗಿದೆ ಎಂದು ಲೆಕ್ಕ ಹಾಕುವುದು ಕಂಪ್ಯೂಟರಿನ ಕೆಲಸ. ಮೊದಲು ಆ ಲೆಕ್ಕವೆಲ್ಲ ಪಟ್ಟಿ ತಯಾರಿಸಿದ ಕಂಪನಿಯ ದೊಡ್ಡ ಯಂತ್ರಗಳಲ್ಲೇ ನಡೆಯುತ್ತಿತ್ತು. ಮಾತು ಎರಡೇ ಸೆಕೆಂಡಿನಲ್ಲಿ ಬರುತ್ತಿತ್ತು. ಕಂಪನಿ ಬಾಗಿಲು ಮುಚ್ಚಿತು. ಹೋಗುವಾಗ, ಇನ್ನು ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ನಡೆಸಿಕೊಳ್ಳಿ ಎಂದು ತಂತ್ರಾಂಶವನ್ನು ಕೈಗಿಟ್ಟಿತು. ಆದರೆ ಮನೆಬಳಕೆಗೆ ಹೊಸ ಪ್ರೊಸೆಸರ್ ಮಾರುವುದು ನಿಂತೇ ಹನ್ನೊಂದು ವರ್ಷವಾಗಿತ್ತು. ತಯಾರಾದ ಚಿಪ್‌ಗಳೆಲ್ಲ ಊರಾಚೆಯ ಗಣಕ ಭವನಗಳಿಗೆ, ಅಂದರೆ ಡೇಟಾ ಸೆಂಟರುಗಳಿಗೆ, ಹೋಗುತ್ತಿದ್ದವು. ಜನರ ಹತ್ತಿರ ಇದ್ದದ್ದು ಹಳೆಯವು, ಬೆಸುಗೆ ಹಾಕಿ ರಿಪೇರಿ ಮಾಡಿದವು, ಇನ್ನೊಬ್ಬರು ಬಿಟ್ಟವು. ಪಂಪಾಪತಿಯ ಮನೆಯಲ್ಲಿದ್ದದ್ದೂ ಅಂಥದೇ ಒಂದು.

ಅವನು ಹುಬ್ಬಳ್ಳಿಯ ತಸ್ನೀಮಳಿಗೆ ಫೋನ್ ಮಾಡಿದ. ಆ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವಳು ಅವಳು. ಕಂಪನಿ ಮುಚ್ಚಿದ ಮೇಲೆ ತನ್ನ ಮನೆಯ ಮಹಡಿಯ ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟುಕೊಂಡು, ಪಟ್ಟಿ ಕಟ್ಟಿಕೊಂಡ ಇನ್ನೂರು ಚಿಲ್ಲರೆ ಮನೆಗಳಿಗೆ ತಾನೇ ದಿಕ್ಕಾಗಿ ಕೂತಿದ್ದಳು.

“ಲೆಕ್ಕ ಸೀದಾ ಐತ್ರಿ ಅಣ್ಣಾರ,” ಎಂದಳು ತಸ್ನೀಮ್. “ಪಟ್ಟಿ ಕಳಿಸೋ ಸಂಕೇತ ಸರತೀಲೆ ನಿಲ್ತಾವ. ನಿಮ್ಮ ಪ್ರೊಸೆಸರ್ ಒಂದನ್ನ ಮುಗಿಸೋದ್ರಾಗ ಇನ್ನೊಂದು ಬಂದು ನಿಂತಿರ್ತದ. ಸರತಿ ಉದ್ದ ಆಕ್ಕೋತ ಹೋಗ್ತದ, ಮಾತು ತಡ ಆಗ್ತದ. ಈಗ ಅದು ಮೂರೂವರಿ ಗಿಗಾಹರ್ಟ್ಸ್‌ನ್ಯಾಗ ಓಡಾಕತ್ತೇತಿ. ಐದು ದಾಟಿಸಿದ್ರ ಬಂದದ್ದು ಬಂದಂಗ ಮುಗೀತದ. ಸರತೀನ ಇರಂಗಿಲ್ಲ.”

“ದಾಟಿಸಬಹುದಾ?”

“ದಾಟಿಸಬಹುದ್ರಿ. ಓವರ್‌ಕ್ಲಾಕ್ ಅಂತೀವಿ. ಆದ್ರ ಕಾಯ್ತದ. ಹಂಚಿನಂಗ ಕಾಯ್ತದ. ಕಾದ್ರ ನಿಂತುಬಿಡ್ತದ.”

“ತಣ್ಣಗೆ ಮಾಡೋ ಕೆಲಸ ನಂಗೆ ಬಿಡಮ್ಮ,” ಎಂದ ಪಂಪಾಪತಿ. “ಮೂವತ್ನಾಕು ವರ್ಷ ಫ್ರಿಜ್ಜು, ಏಸಿ ರಿಪೇರಿ ಮಾಡೀನಿ. ಶಾಖ ಅನ್ನೋದು ಎಲ್ಲೂ ಮಾಯ ಆಗಲ್ಲ, ಜಾಗ ಬದಲಿಸ್ತೈತೆ ಅಷ್ಟೆ. ಎಲ್ಲಿಗೆ ಕಳಿಸ್ಬೇಕು ಅಂತ ನೋಡ್ತೀನಿ.”

ಮರುದಿನವೇ ಕಂಪ್ಯೂಟರಿನ ಪಕ್ಕದ ಹಲಗೆ ಬಿಚ್ಚಿದ. ಪ್ರೊಸೆಸರ್ ಮತ್ತು ಅದರ ಮೇಲಿನ ಲೋಹದ ರೆಕ್ಕೆಗಳ ನಡುವೆ ಶಾಖ ದಾಟಿಸಲು ಹಚ್ಚಿದ್ದ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಕೆರೆದು ತೆಗೆದು ಹೊಸದನ್ನು ತೆಳ್ಳಗೆ ಸವರಿದ. ಒಂಬತ್ತು ಡಿಗ್ರಿ ಇಳಿಯಿತು. ಸಾಲದು. ಹಳೆಯ ಏಸಿಗಳಿಂದ ಬಿಚ್ಚಿಟ್ಟಿದ್ದ ತಾಮ್ರದಿಂದ ಅಂಗೈಯಗಲದ ಒಂದು ಗಟ್ಟಿ ತುಂಡು ಮಾಡಿ, ಅದರೊಳಗೆ ನೀರು ಸುತ್ತಾಡಲು ಹಾವಿನಂಥ ಕಾಲುವೆ ಕೊರೆದ. ಪ್ರೊಸೆಸರಿನ ಮೇಲೆ ಕೂರಿಸುವುದಕ್ಕೆ ಅದನ್ನು ಕನ್ನಡಿಯ ಹಾಗೆ ಉಜ್ಜಿದ. ನೀರಿನ ಕೊಳವೆಯನ್ನು ಗೋಡೆ ತೂತು ಮಾಡಿ ಅಂಗಳಕ್ಕೆ ಒಯ್ದು, ತಾಮ್ರದ ಸುರುಳಿ ಮಾಡಿ, ನೆಲದೊಳಗಿನ ಸಂಪಿನಲ್ಲಿ ಮುಳುಗಿಸಿದ. ಸಂಪಿನಲ್ಲಿ ಆರು ಸಾವಿರ ಲೀಟರು ನೀರು. ಹೊರಗೆ ನಲವತ್ತು ಡಿಗ್ರಿ ಇದ್ದರೂ ಅದರೊಳಗೆ ಇಪ್ಪತ್ತಾರು.

ತಸ್ನೀಮ್ ಹುಬ್ಬಳ್ಳಿಯಿಂದಲೇ ವೇಗವನ್ನು ಕೂದಲೆಳೆಯಷ್ಟು ಏರಿಸುತ್ತಾ ಹೋದಳು. ನಾಲ್ಕು. ನಾಲ್ಕೂವರೆ. ನಾಲ್ಕೂಮುಕ್ಕಾಲಿಗೆ ಕಂಪ್ಯೂಟರು ಸ್ತಬ್ಧವಾಯಿತು. ವೋಲ್ಟೇಜ್ ಚೂರು ಏರಿಸಿ ಮತ್ತೆ ಶುರು ಮಾಡಿದರು. ಇಡೀ ದಿನ ಪರೀಕ್ಷೆಗೆಂದು ಸುಳ್ಳು ಲೆಕ್ಕ ಕೊಟ್ಟು ದುಡಿಸಿದರು, ನಿಂತಿತು. ಮರುದಿನ ನೀರು ತಿರುಗಿಸಲು ಇನ್ನೊಂದು ಪಂಪು ಸೇರಿಸಿದ ಮೇಲೆ ಮತ್ತೆ ದುಡಿಸಿದರು. ಐದು ದಿನದ ಈ ಹಗ್ಗಜಗ್ಗಾಟದ ಕೊನೆಗೆ ಐದೂಕಾಲು ಗಿಗಾಹರ್ಟ್ಸ್‌ನಲ್ಲಿ ಯಂತ್ರ ಹದಿನಾಲ್ಕು ಗಂಟೆ ಬಿಡದೆ ಓಡಿತು. ಶಾಖ ಎಪ್ಪತ್ನಾಲ್ಕು ಡಿಗ್ರಿ. ತಪ್ಪು ಸೊನ್ನೆ.

ಪಂಪಾಪತಿ ಮಂಚದ ಪಕ್ಕ ಬಂದು, “ಮಂಗಳ, ಏನಾದ್ರೂ ಮಾತಾಡು,” ಎಂದ.

“ಏನ್ ಮಾತಾಡ್ಲಿ? ನಿಮ್ಮ ಬನಿಯನ್ ನಾತ ಹೊಡಿತೈತೆ.”

ಎರಡೇ ಸೆಕೆಂಡು. ಅವನು ನಗುತ್ತಲೇ ಅಲ್ಲೇ ಬನಿಯನ್ ಬಿಚ್ಚಿ ಎಸೆದ. “ಅಯ್ಯ, ಈಗ ಇನ್ನೂ ಹೊಡಿತೈತೆ,” ಎಂದಿತು ಸ್ಪೀಕರು.

ಆಮೇಲಿನ ಐದು ವಾರ ಆ ಮನೆಯಲ್ಲಿ ಮಾತು ತುಂಬಿಕೊಂಡಿತ್ತು. ಕಾರ್ಖಾನೆಯಲ್ಲಿ ಅವಳ ಕೈಕೆಳಗೆ ದುಡಿದಿದ್ದ ಹುಲಿಗೆಮ್ಮ ದಿನಾ ಬೆಳಿಗ್ಗೆ ಬಂದು, ಹಾಸಿಗೆ ಒರೆಸಿ, ತಲೆ ಬಾಚಿ, ಊರ ಸುದ್ದಿ ಹೇಳುತ್ತಿದ್ದಳು. ಮೊದಲೆಲ್ಲ ಹುಲಿಗೆಮ್ಮ ಒಂದು ಸುದ್ದಿ ಮುಗಿಸಿ ಮೂರನೆಯದಕ್ಕೆ ಹೋದಮೇಲೆ ಮೊದಲನೆಯದಕ್ಕೆ ಉತ್ತರ ಬರುತ್ತಿತ್ತು. ಈಗ ಸರ್ವಮಂಗಳ ಅರ್ಧಕ್ಕೇ ತಡೆದು ಬೈಯುತ್ತಿದ್ದಳು. ಒಂದು ಬೆಳಿಗ್ಗೆ ಹುಲಿಗೆಮ್ಮ ತನ್ನ ಸೊಸೆಯನ್ನು ದೂರುತ್ತಾ, “ನಾನೇನು ಸುಮ್ನೆ ಇದ್ನೆನಕ್ಕ?” ಎನ್ನುವಷ್ಟರಲ್ಲಿ ಸರ್ವಮಂಗಳ, “ನೀನು ಸುಮ್ನಿದ್ದಿ ಅಂದ್ರೆ ನಾನು ಎದ್ದು ಕುಣೀತೀನಿ ಬಿಡು,” ಎಂದುಬಿಟ್ಟಳು. ಹುಲಿಗೆಮ್ಮ ನಕ್ಕೂ ನಕ್ಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ನಗೆಯೊಳಗೆ ಯಾವಾಗ ಅಳು ಬೆರೆಯಿತೋ ಅವಳಿಗೇ ತಿಳಿಯಲಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಹೊರಗೆ ನಲವತ್ತೇಳು ಡಿಗ್ರಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಒಂದು ಮನೆಗೆ ಒಂದು ಸಾವಿರದ ಇನ್ನೂರು ವಾಟ್‌ಗಿಂತ ಹೆಚ್ಚು ಕರೆಂಟು ಇಲ್ಲ ಎಂಬ ಬೇಸಿಗೆ ನಿಯಮ ಜಾರಿಗೆ ಬಂತು. ಮಿತಿ ಮೀರಿದರೆ ಮೀಟರು ತಾನಾಗಿ ಹತ್ತು ನಿಮಿಷ ಮನೆಯ ಕರೆಂಟು ಕಡಿದುಹಾಕುತ್ತಿತ್ತು. ಟ್ಯಾಂಕರಿನಲ್ಲಿ ಬರುವ ನೀರು ಬರುವಾಗಲೇ ಮೂವತ್ತಾರು ಡಿಗ್ರಿ ಬಿಸಿ ಇರುತ್ತಿತ್ತು. ಅದರ ಮೇಲೆ ಪ್ರೊಸೆಸರು ತನ್ನ ಶಾಖವನ್ನೂ ದಿನಾ ಸುರಿಯುತ್ತಿತ್ತು. ಪಂಪಾಪತಿ ದಿನಾ ಸಂಪಿನ ಮುಚ್ಚಳ ತೆಗೆದು ಕೈ ಅದ್ದಿ ನೋಡುತ್ತಿದ್ದ. ದಿನಾ ಅರ್ಧ ಡಿಗ್ರಿ, ಮುಕ್ಕಾಲು ಡಿಗ್ರಿ. ಸ್ನಾನಕ್ಕೆ ಕಾಯಿಸುವ ಕೆಲಸ ತಪ್ಪಿತು ಎಂದು ಅವನು ತಮಾಷೆ ಮಾಡಿದಾಗ ಸರ್ವಮಂಗಳ ನಗೆಮಾತು ಆಡಲಿಲ್ಲ.

“ಸೆಖೆ ತಡಿಯಕ್ಕಾಗವಲ್ದು,” ಎಂದಳು. “ಕಂಪ್ಯೂಟರ್ ಆರಿಸಿ ಕೂಲರ್ ಹಾಕ್ರಿ.”

ಎರಡೂ ಒಟ್ಟಿಗೆ ಓಡಿದರೆ ಮಿತಿ ಮೀರುತ್ತಿತ್ತು. ಹಾಗಾಗಿ ಒಂದು ಏರ್ಪಾಡಾಯಿತು: ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಮಾತು, ಆಮೇಲೆ ಸಂಜೆಯವರೆಗೆ ತಂಪು. ಬೇಸಿಗೆಯ ಉದ್ದನೆಯ ಮಧ್ಯಾಹ್ನಗಳಲ್ಲಿ ಅವನು ಗೋಡೆಗೊರಗಿ ಕೂತು ಕೂಲರಿನ ಸದ್ದು ಕೇಳುತ್ತಿದ್ದ. ಅವಳು ಒಳಗೊಳಗೇ ಏನು ಹೇಳುತ್ತಿದ್ದಾಳೋ ಎಂದುಕೊಳ್ಳುತ್ತಿದ್ದ.

ಬೇನೆಯೂ ಸುಮ್ಮನೆ ಕೂತಿರಲಿಲ್ಲ. ಗಂಟಲಿನ ಸಂಕೇತ ವಾರವಾರಕ್ಕೂ ಕ್ಷೀಣವಾಗುತ್ತಿತ್ತು. ಕ್ಷೀಣವಾದಷ್ಟೂ ಅದರೊಳಗಿನ ಮಾತನ್ನು ಹೆಕ್ಕಲು ಪ್ರೊಸೆಸರು ಹೆಚ್ಚು ದುಡಿಯಬೇಕಾಯಿತು, ಹೆಚ್ಚು ಕಾಯಬೇಕಾಯಿತು.

ಮೇ ಮೊದಲ ವಾರದ ಒಂದು ಬೆಳಿಗ್ಗೆ ಹುಲಿಗೆಮ್ಮ ಕೆಲಸ ಮುಗಿಸಿ, “ಬರ್ತೀನಕ್ಕ, ನಾಳೆ ಬಂದು ತಲೆಗೆ ಎಣ್ಣೆ ಹಚ್ತೀನಿ,” ಎಂದು ಎದ್ದಳು. ಸ್ಪೀಕರು ಸ್ಪಷ್ಟವಾಗಿ ಹೇಳಿತು: “ನಾಳೆ ಬರಬ್ಯಾಡ.”

ಹುಲಿಗೆಮ್ಮ ನಿಂತಳು. “ಯಾಕಕ್ಕ?”

“ಬರಬ್ಯಾಡ.”

ಅವಳು ಪಂಪಾಪತಿಯ ಮುಖ ನೋಡಿದಳು. ಅವನಿಗೂ ಏನೂ ತೋಚಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದವಳು ಒಂದು ವಾರ ಇತ್ತ ಸುಳಿಯಲಿಲ್ಲ. ಸರ್ವಮಂಗಳ ಮಾತ್ರ ದಿನಾ, ಹುಲಿಗಿ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದಳು. “ನೀನೇ ಬ್ಯಾಡ ಅಂದ್ಯಲ್ಲ,” ಎಂದು ಪಂಪಾಪತಿ ನೆನಪಿಸಿದ. “ನಾನು ಅನ್ಲಿಲ್ಲ, ಸ್ಪೀಕರ್ ಏನಂತೋ ನಂಗೆ ಕೇಳ್ಲಿಲ್ಲ. ಬಾ ಅಂದೆ. ಎರಡು ಸಲ ಬಾ ಅಂದೆ,” ಎಂದಿತು ಸ್ಪೀಕರು.

ತಸ್ನೀಮ್ ಯಂತ್ರದ ದಾಖಲೆ ತೆಗೆದು ನೋಡಿದಳು. ಹುಲಿಗೆಮ್ಮ ಎದ್ದು ನಿಂತ ಆ ಗಳಿಗೆಯಲ್ಲಿ ಪ್ರೊಸೆಸರಿನ ಶಾಖ ತೊಂಬತ್ತಮೂರು ಮುಟ್ಟಿತ್ತು.

“ಕಾದ್ರ ನಿಂತುಬಿಡ್ತದ ಅಂದಿದ್ನಲ್ರಿ, ಅದಕ್ಕಿಂತ ಕೆಟ್ಟದ್ದು ಇದು,” ಎಂದಳು. “ನಿಂತಿದ್ರ ಗೊತ್ತರ ಆಗ್ತಿತ್ತು. ತೊಂಬತ್ತೊಂದು ದಾಟಿದ ಮ್ಯಾಲ ಅದು ನಿಲ್ಲಂಗಿಲ್ಲ, ಲೆಕ್ಕ ತಪ್ತದ. ತಪ್ಪಿದ್ದನ್ನೂ ಸರಿ ಇದ್ದಂಗನ ಹೇಳ್ತದ. ನೂರು ಮಾತಿನ್ಯಾಗ ಎರಡು ಹಂಗ ಬಂದಾವ.”

“ಯಾವ ಎರಡು?”

“ಅದು ಹೆಂಗ ಗೊತ್ತಾಗ್ಬೇಕ್ರಿ?”

“ವೇಗ ಇಳಿಸಿದ್ರೆ?”

“ಈಗಿನ ಸಂಕೇತಕ್ಕ ಮೂರೂವರಿ ಸಾಲಂಗಿಲ್ಲ. ಮಾತ ಬರಂಗಿಲ್ಲ.”

ಪಂಪಾಪತಿ ಹುಲಿಗೆಮ್ಮನ ಮನೆಗೆ ಹೋಗಿ ಇದನ್ನೆಲ್ಲ ವಿವರಿಸಿದ. ಅವಳಿಗೆ ಎಷ್ಟು ಅರ್ಥವಾಯಿತೋ, ಅಂದೇ ಬಂದು ಸರ್ವಮಂಗಳಳ ಕೈ ಹಿಡಿದು ಕೂತಳು. ಆದರೆ ಅಂದಿನಿಂದ ಆ ಮನೆಯಲ್ಲಿ ಯಾರೂ ಸ್ಪೀಕರಿನ ಮಾತನ್ನು ಮೊದಲಿನ ಹಾಗೆ ಕೇಳಲಿಲ್ಲ. ಪ್ರತಿ ಮಾತಿಗೂ ಮೊದಲು ಕಣ್ಣು ಪರದೆಯ ಮೇಲಿನ ಶಾಖದ ಅಂಕಿಗೆ ಹೋಗುತ್ತಿತ್ತು. ತಾನು ಏನು ಹೇಳಿದರೂ, “ಹಂಗಂದ್ಯೇನು? ನಿಜವಾಗ್ಲೂ?” ಎಂದು ಗಂಡ ಮತ್ತೆ ಕೇಳುವುದು ಸರ್ವಮಂಗಳಳಿಗೆ ಬೇಸರ ತರಿಸಿತು. ಕ್ರಮೇಣ ಅವಳು ಮಾತು ಕಡಿಮೆ ಮಾಡಿದಳು.

ಮೇ ಮೂರನೆಯ ವಾರ ಅವಳ ಉಸಿರು ಸೋಲತೊಡಗಿತು. ಉಸಿರಾಟಕ್ಕೆ ನೆರವಾಗಲು ಮುಖಕ್ಕೆ ಕಟ್ಟಿದ್ದ ಮುಸುಕಿನ ಯಂತ್ರ ಸಾಲದಾಯಿತು. ಮನೆಗೆ ಬಂದು ನೋಡಿಹೋಗುತ್ತಿದ್ದ ಡಾಕ್ಟರ್ ಜಯತೀರ್ಥ ಪಂಪಾಪತಿಯನ್ನು ಅಂಗಳಕ್ಕೆ ಕರೆದು ಮಾತಾಡಿದರು. ಗಂಟಲಿಗೆ ತೂತು ಮಾಡಿ ಉಸಿರಿನ ಕೊಳವೆ ಕೂರಿಸಿದರೆ ಇನ್ನೂ ಐದಾರು ವರ್ಷ ಬದುಕಬಹುದು. ಕೂರಿಸದಿದ್ದರೆ ಕೆಲವು ವಾರ. ಆದರೆ ರೋಗಿಯೇ ಒಪ್ಪಬೇಕು. ಎರಡು ದಿನದ ಅಂತರದಲ್ಲಿ ಎರಡು ಸಲ ಕೇಳಬೇಕು, ಎರಡೂ ಉತ್ತರ ಒಂದೇ ಆಗಿರಬೇಕು. ಬೇರೆಬೇರೆಯಾದರೆ ಮತ್ತೆರಡು ದಿನ ಬಿಟ್ಟು ಮೂರನೆಯ ಸಲ. ರೋಗಿಗೆ ಎಚ್ಚರವಿಲ್ಲದಿದ್ದರೆ ಮಾತ್ರ ಮನೆಯವರ ಮಾತು. ಒಮ್ಮೆ ಕೂರಿಸಿದ್ದನ್ನು ತೆಗೆಯಬೇಕಾದರೂ ರೋಗಿಯೇ ಹೇಳಬೇಕು, ಬೇರೆ ಯಾರು ಹೇಳಿದರೂ ನಡೆಯದು. ನುಡಿಪಟ್ಟಿಯ ಮಾತು ಬಾಯಿಮಾತಿಗೆ ಸಮ ಎಂದು ಕಾನೂನೇ ಒಪ್ಪಿತ್ತು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವರು ಮಂಚದ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿ, “ನಿಮಗೆ ಕೊಳವೆ ಬೇಕೇ, ಬೇಡವೇ?” ಎಂದು ಕೇಳಿದರು.

“ಬ್ಯಾಡ,” ಎಂದಳು ಸರ್ವಮಂಗಳ. “ಇಷ್ಟು ದಿನ ಇವ್ರು ಮಾಡಿದ್ದೇ ಹೆಚ್ಚಾತು. ಹಲಗೆ ಆಗಿ ಬಿದ್ಕೊಂಡಿರಾಕೆ ನಂಗೆ ಮನಸ್ಸಿಲ್ಲ.”

ಪಂಪಾಪತಿ ಪರದೆ ನೋಡಿದ. ತೊಂಬತ್ತೆರಡು.

ಡಾಕ್ಟರು ಹೋದ ಮೇಲೆ ಅವನು ಅವಳ ಹತ್ತಿರ ಏನೂ ಕೇಳಲಿಲ್ಲ. ನೇರವಾಗಿ ತನ್ನ ಹಳೆಯ ಅಂಗಡಿಗೆ ಹೋಗಿ ಬಾಗಿಲು ತೆಗೆದ. ಬುಧವಾರದ ಉತ್ತರ ತಣ್ಣನೆಯ ಯಂತ್ರದಿಂದ ಬರಬೇಕು. ಸುಡುವ ಯಂತ್ರದ ಮಾತಿಗೆ ಹೆಂಡತಿಯನ್ನು ಬಿಟ್ಟುಕೊಡಲು ಅವನು ತಯಾರಿರಲಿಲ್ಲ. ಒಂದು ಹಳೆಯ ಫ್ರಿಜ್ಜಿನ ಕಂಪ್ರೆಸರ್ ಎತ್ತಿಕೊಂಡ. ಅದರ ತಂಪಿನ ಸುರುಳಿಯನ್ನು ಒಂದು ಸ್ಟೀಲಿನ ಡ್ರಮ್ಮಿನಲ್ಲಿ ಕೂರಿಸಿ, ಪ್ರೊಸೆಸರಿಗೆ ಹೋಗುವ ನೀರು ಸಂಪಿನ ಬದಲು ಆ ಡ್ರಮ್ಮಿನ ಮೂಲಕ ಹಾಯುವಂತೆ ಮಾಡಿದ. ಬೆಸುಗೆ ಹಾಕುವಾಗ ಹೆಬ್ಬೆರಳು ಸುಟ್ಟುಕೊಂಡ. ತಂಪು ಹೆಚ್ಚಾದರೆ ತಾಮ್ರ ಬೆವರಿ, ನೀರು ಹನಿದು, ಒಳಗಿನ ಸರ್ಕ್ಯೂಟ್ ಹಲಗೆ ಸುಟ್ಟುಹೋಗುತ್ತದೆಂದು ನೀರನ್ನು ಇಪ್ಪತ್ತು ಡಿಗ್ರಿಗೆ ನಿಲ್ಲಿಸುವ ಸ್ವಿಚ್ಚು ಕಟ್ಟಿದ. ಆ ಅಂಕಿ ದಾಟಿದರೆ ಕಂಪ್ರೆಸರ್ ಶುರುವಾಗುತ್ತಿತ್ತು, ಇಳಿದರೆ ನಿಲ್ಲುತ್ತಿತ್ತು. ಮಂಗಳವಾರ ಸಂಜೆಯ ಹೊತ್ತಿಗೆ ಪ್ರೊಸೆಸರಿನ ಶಾಖ ಅರವತ್ತೆಂಟಕ್ಕೆ ಇಳಿದಿತ್ತು.

“ಅಣ್ಣಾರ, ನಮ್ಮ ಕಂಪನ್ಯಾಗೂ ಇಂಥಾದ್ದು ಇರಲಿಲ್ಲ,” ಎಂದಳು ತಸ್ನೀಮ್. ಅವನು ಫೋನ್ ಇಟ್ಟ.

ಬುಧವಾರ ಡಾಕ್ಟರು ಹತ್ತಕ್ಕೆ ಬರಬೇಕಿತ್ತು. ದಾರಿಯಲ್ಲಿ ಇನ್ನೊಬ್ಬ ರೋಗಿಯ ಮನೆಯಲ್ಲಿ ತಡವಾಗಿ, ಬಂದಾಗ ಹನ್ನೊಂದು ಇಪ್ಪತ್ತು. ಪಂಪಾಪತಿ ಕೂಲರು ಆರಿಸಿದ್ದ, ಒಂದು ಫ್ಯಾನು ಬಿಟ್ಟು ಉಳಿದದ್ದೆಲ್ಲ ಆರಿಸಿದ್ದ. ವಾಟ್‌ಗಳನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿದ. ಸಾವಿರದ ನೂರರ ಆಸುಪಾಸು. ನಿಭಾಯಿಸಬಹುದು. ಡಾಕ್ಟರು ವಿವರಣೆ ಶುರು ಮಾಡಿದರು. ಅಷ್ಟರಲ್ಲಿ ಡ್ರಮ್ಮಿನ ನೀರು ಇಪ್ಪತ್ತು ದಾಟಿ ಕಂಪ್ರೆಸರ್ ಧಡ್ ಎಂದು ಶುರುವಾಯಿತು. ಶುರುವಾಗುವ ಆ ಒಂದು ಗಳಿಗೆಯಲ್ಲಿ ಅದು ಎಳೆಯುವ ಕರೆಂಟು ದುಪ್ಪಟ್ಟು, ಮೂರು ಪಟ್ಟು. ಮೂವತ್ನಾಲ್ಕು ವರ್ಷ ಕಂಪ್ರೆಸರ್ ಕಟ್ಟಿದವನು ಅದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೀಟರು ಮನೆಯನ್ನು ಕಡಿದುಹಾಕಿತು.

ಫ್ಯಾನು ನಿಂತಿತು. ಪಂಪುಗಳು ನಿಂತವು. ಬ್ಯಾಟರಿಯ ಮೇಲೆ ಉಳಿದದ್ದು ಕಂಪ್ಯೂಟರು ಮತ್ತು ಉಸಿರಿನ ಮುಸುಕು, ಎರಡೇ.

ಡಾಕ್ಟರಿಗೆ ಇದೊಂದೂ ಗೊತ್ತಿಲ್ಲ. ಸೆಖೆಗೆ ಹಣೆ ಒರೆಸಿಕೊಳ್ಳುತ್ತಾ ಅವರು ಕೇಳಿದರು: “ಕೊಳವೆ ಬೇಕೇ, ಬೇಡವೇ?”

ಪರದೆಯ ಮೇಲೆ ಎಂಬತ್ತು. ಎಂಬತ್ತೇಳು. ತೊಂಬತ್ತೆರಡು. ತೊಂಬತ್ನಾಲ್ಕು.

“ಬೇಕು,” ಎಂದಿತು ಸ್ಪೀಕರು.

ಡಾಕ್ಟರು ಬರೆದುಕೊಂಡರು. “ಎರಡು ಉತ್ತರ ಬೇರೆಬೇರೆ ಆಯಿತಲ್ಲ. ಕರೆಂಟು ಬಂದ ಮೇಲೆ ಇನ್ನೊಮ್ಮೆ ಕೇಳಿ ನೋಡೋಣವೇ? ಹತ್ತು ನಿಮಿಷ ಕೂತಿರುತ್ತೇನೆ.”

ಪಂಪಾಪತಿ ಪರದೆಗೆ ಅಡ್ಡಲಾಗಿ ನಿಂತಿದ್ದ. “ಆಕೆ ದಣಿದಾಳೆ ಸರ್. ಶುಕ್ರವಾರ ಬರ್ರಿ,” ಎಂದ.

ಅವರು ಹೋದ ಮೇಲೆ ಕರೆಂಟು ಬಂತು, ಪಂಪು ತಿರುಗಿತು, ಶಾಖ ಇಳಿಯಿತು. ಅವನು ಕಂಪ್ಯೂಟರನ್ನು ಆರಿಸಿ ಕೂಲರು ಹಾಕಿದ. ಆ ಸಂಜೆಯೂ ಅದನ್ನು ಹಚ್ಚಲಿಲ್ಲ. ಎರಡು ಉತ್ತರಗಳಲ್ಲಿ ಯಾವುದನ್ನು ನಂಬಬೇಕು ಎಂದು ತಸ್ನೀಮಳನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಫೋನು ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟ.

ಗುರುವಾರ ಬೆಳಿಗ್ಗೆ ಸರ್ವಮಂಗಳಳ ಮೈ ಕೆಂಡದಂತೆ ಸುಡುತ್ತಿತ್ತು. ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಆಸ್ಪತ್ರೆಗೆ ಸೇರಿಸುವಾಗ ಅವಳಿಗೆ ಎಚ್ಚರವಿರಲಿಲ್ಲ. ಡಾಕ್ಟರ್ ಜಯತೀರ್ಥ ಕಾರಿಡಾರಿನ ಬೆಂಚಿನ ಮೇಲೆ ಅವನ ಪಕ್ಕ ಕೂತರು.

“ಈಗ ನೀವೇ ಹೇಳಬೇಕು. ನೀವು ಬಲ್ಲ ಹಾಗೆ ಅವರ ಮನಸ್ಸು ಏನು?”

“ಬೇಕು ಅಂದಾಳಲ್ಲ ಸರ್. ಬುಧವಾರ. ನೀವೇ ಕೇಳೀರಿ.”

“ಸೋಮವಾರ ಬೇಡ ಅಂದಿದ್ದರು.”

“ಅವತ್ತು ಮಷೀನ್ ಕಾದಿತ್ತು,” ಎಂದ ಪಂಪಾಪತಿ. ಬುಧವಾರದ ಅಂಕಿಯನ್ನು ಅವನು ಹೇಳಲಿಲ್ಲ. ಸುಟ್ಟ ಹೆಬ್ಬೆರಳಿನಿಂದಲೇ ಪೆನ್ನು ಒತ್ತಿ ಸಹಿ ಹಾಕಿದ.

ಜುಲೈ ತಿಂಗಳಲ್ಲಿ ಅವಳು ಮನೆಗೆ ಬಂದಳು. ಗಂಟಲಿನಲ್ಲಿ ಕೊಳವೆ, ಪಕ್ಕದಲ್ಲಿ ಉಸಿರು ತುಂಬುವ ಯಂತ್ರ. ಅಷ್ಟರಲ್ಲಿ ಮಳೆ ಬಿದ್ದು ಗಾಳಿ ತಣ್ಣಗಾಗಿತ್ತು, ಕರೆಂಟಿನ ಮಿತಿ ತೆಗೆದಿದ್ದರು. ಪಂಪಾಪತಿ ಹುಷಾರಾಗಿ, ಕೊಳವೆಗೆ ತಾಗದಂತೆ ಕೊರಳಿನ ಮೇಲ್ಭಾಗಕ್ಕೆ ನುಡಿಪಟ್ಟಿ ಕಟ್ಟಿ, ಕಂಪ್ಯೂಟರು ಹಚ್ಚಿದ. ಐದೂಕಾಲು ಗಿಗಾಹರ್ಟ್ಸ್, ಐವತ್ತೇಳು ಡಿಗ್ರಿ. ಮೊದಲ ದಿನ ತಪ್ಪು ಸೊನ್ನೆ. ಹನ್ನೊಂದನೆಯ ದಿನವೂ ಸೊನ್ನೆ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ, ಒಮ್ಮೆಯೂ ತಪ್ಪಲಿಲ್ಲ. ಪಟ್ಟಿಯಿಂದ ಬರುವ ಗೆರೆ ಮಾತ್ರ ಪರದೆಯ ಮೇಲೆ ಎಳೆದು ಕಟ್ಟಿದ ದಾರದ ಹಾಗೆ ನೆಟ್ಟಗಿತ್ತು. ನರ ಪೂರ್ತಿ ಬತ್ತಿದೆಯೋ, ಜ್ವರದಲ್ಲಿ ಮಿದುಳಿಗೆ ಪೆಟ್ಟಾಯಿತೋ, ಒಳಗೆ ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾಳೋ, ಡಾಕ್ಟರಿಗೂ ಹೇಳಲಾಗಲಿಲ್ಲ.

ತಸ್ನೀಮ್ ಫೋನ್ ಮಾಡಿದ್ದು ಒಂದು ಬೆಳಿಗ್ಗೆ. ಅವಳು ನೋಡಿಕೊಳ್ಳುತ್ತಿದ್ದ ಮನೆಗಳಲ್ಲಿ ಮೂವತ್ತೊಂದು ಮನೆಯವರು ಈ ತಂಪಿನ ಏರ್ಪಾಡು ತಮಗೂ ಬೇಕೆಂದಿದ್ದರಂತೆ. ಪಂಪಾಪತಿ ಎಲ್ಲವನ್ನೂ ಸಾವಧಾನವಾಗಿ ಹೇಳಿದ: ತಾಮ್ರದ ದಪ್ಪ ಎಷ್ಟು, ಕಾಲುವೆ ಎಷ್ಟು ಆಳ, ನೀರು ಎಷ್ಟಕ್ಕೆ ನಿಲ್ಲಬೇಕು. ಕಂಪ್ರೆಸರ್ ಶುರುವಾಗುವಾಗಿನ ಎಳೆತವನ್ನು ತಪ್ಪದೆ ಲೆಕ್ಕಕ್ಕೆ ಹಿಡಿಯಲು ಎರಡು ಸಲ ಹೇಳಿದ. ಅವಳು ಬರೆದುಕೊಂಡಳು.

“ಒಂದು ಕೇಳ್ತೀನಿ,” ಎಂದ ಕೊನೆಗೆ. “ಕಾದಾಗ ಲೆಕ್ಕ ತಪ್ತೈತೆ ಅಂದ್ಯಲ್ಲ. ಎಂಥಾ ಮಾತು ತಪ್ತೈತೆ? ಒಂದೇ ಮಾತಾ, ಉದ್ದಂದಾ?”

ತಸ್ನೀಮಳ ಹತ್ತಿರ ಆ ದಿನಗಳ ದಾಖಲೆಗಳೆಲ್ಲ ಇದ್ದವು. ಅವನು ಯಾಕೆ ಕೇಳುತ್ತಿದ್ದಾನೆಂದು ಅವಳಿಗೆ ತಿಳಿಯಿತು.

“ಸಣ್ಣ ಮಾತು ತಿರುಗಿಬಿಡ್ತಾವ್ರಿ ಅಣ್ಣಾರ. ಬಾ, ಬ್ಯಾಡ, ಬೇಕು, ಇಂಥವು. ಅರ್ಥ ಇರೋ ಉದ್ದ ಮಾತು ತಪ್ಪಿನಿಂದ ತಾನ ಹೆಣಕೊಂಡು ಬರಾಕ ಸಾಧ್ಯ ಇಲ್ಲ. ಅದು ಅವ್ರದ ಆಗಿರ್ತದ.” ಆಮೇಲೆ ಮೆಲ್ಲಗೆ ಕೇಳಿದಳು. “ಅವತ್ತ ಯಾಕ ಫೋನ್ ಮಾಡ್ಲಿಲ್ಲ ನೀವು?”

“ನೀನು ಹಿಂಗೇ ಅಂತಿ ಅಂತ,” ಎಂದ ಪಂಪಾಪತಿ.

ಒಳಗೆ ಹುಲಿಗೆಮ್ಮ ಸರ್ವಮಂಗಳಳ ತಲೆ ಬಾಚುತ್ತಿದ್ದಳು. ಅವನು ಬಂದು ಮಂಚದ ಅಂಚಿನಲ್ಲಿ ಕೂತು ಹೆಂಡತಿಯ ಕಿವಿಯ ಹತ್ತಿರ ಬಾಗಿದ.

“ಮಂಗಳ, ಸೋಮವಾರ ಬ್ಯಾಡ ಅಂದಿದ್ದು ನೀನೇ ಅಂತ ನಂಗೆ ಅವತ್ತೇ ಗೊತ್ತಿತ್ತು.”

ಹುಲಿಗೆಮ್ಮನ ಬಾಚಣಿಗೆ ನಿಂತಿತು.

“ತೆಗಿ ಅಂತ ಒಂದು ಮಾತು ಅನ್ನು,” ಎಂದ ಅವನು. “ಈಗ ಮಷೀನ್ ತಣ್ಣಗೈತೆ. ನೀನು ಏನಂದ್ರೂ ಸರಿಯಾಗಿ ಕೇಳ್ತೈತೆ. ತೆಗೆಸ್ತೀನಿ. ಈ ಸಲ ಸುಳ್ಳು ಹೇಳಲ್ಲ.”

ಉಸಿರಿನ ಯಂತ್ರ ಅವಳ ಎದೆಯನ್ನು ಎತ್ತಿತು, ಇಳಿಸಿತು. ಪರದೆಯ ಮೇಲೆ ಗೆರೆ ಅಲುಗಲಿಲ್ಲ.

“ಇನ್ನೊಂದು ಸಲ ಕೇಳಣ್ಣ,” ಎಂದಳು ಹುಲಿಗೆಮ್ಮ. “ಜೋರಾಗಿ ಕೇಳು.”

ಅವನು ಜೋರಾಗಿ ಕೇಳಿದ. ನಲವತ್ತು ಹೊಲಿಗೆ ಯಂತ್ರಗಳ ನಡುವೆ ನಿಂತವನ ಹಾಗೆ ಕೂಗಿ ಕೇಳಿದ. ಇಬ್ಬರೂ ಕಾದರು. ಗಂಟೆ ಹನ್ನೊಂದಾಯಿತು, ಮಲಗಿದಲ್ಲೇ ಹುಣ್ಣಾಗದಂತೆ ಅವಳನ್ನು ಹೊರಳಿಸುವ ಹೊತ್ತು. ಹುಲಿಗೆಮ್ಮ ಭುಜ ಹಿಡಿದಳು, ಪಂಪಾಪತಿ ಒಂದು ಕೈಯಲ್ಲಿ ಕೊಳವೆ ಎಳೆಯದಂತೆ ನೋಡಿಕೊಳ್ಳುತ್ತಾ ಇನ್ನೊಂದರಲ್ಲಿ ಸೊಂಟ ಹಿಡಿದ. ಇಬ್ಬರೂ ಸೇರಿ ಅವಳನ್ನು ಗೋಡೆಯ ಕಡೆಗೆ ಹೊರಳಿಸಿದರು.